ಮೂರು ಮೂಲೆಯ ಜಗಲಿ

ಪಾಂಡವಪುರ
18-4-1993

ಮಗಳೇ ಸಹನ,

ಹಾಸ್ಟೆಲ್ಲಿನ ಊಟ ಒಗ್ಗಿತೆ? ನಿನ್ನ ದೊಡ್ಡಮ್ಮ ಹುರುಳಿಕಾಳಿನ ಪುಡಿ ಮಾಡಿಟ್ಟುಕೊಂಡು, ಮೈಸೂರಿಗೆ ಹೋಗುವವರು ಯಾರಾದರೂ ಸಿಗುತ್ತಾರಾ ಅಂತ ದಿನಾ ಬಾಗಿಲಲ್ಲಿ ನಿಲ್ಲುತ್ತಾಳೆ. ನಿಮ್ಮಣ್ಣ ಅಶೋಕ ಟೆಂಪೋ ತಗೊಂಡು ವಾರಕ್ಕೆರಡು ಸಲ ಅಲ್ಲಿಗೆ ಬರುತ್ತಾನೆ. ನಿನ್ನ ಹಾಸ್ಟೆಲ್ಲಿನ ವಾಚ್‌ಮನ್ ಅವನನ್ನು ಗೇಟಿಗೇ ಬಿಡುವುದಿಲ್ಲವಂತೆ. "ನಾನು ಅವಳ ಅಣ್ಣ ಕಣಯ್ಯ ಅಂದ್ರೆ, ಬರೋರೆಲ್ಲ ಅಂಗೇ ಅಂತಾರೆ, ಓಗೋಗು ಅಂತಾನೆ" ಅಂತ ಹೇಳಿ ನಕ್ಕ. ಈ ಸಲ ಪುಡಿಯನ್ನು ಆ ವಾಚ್‌ಮನ್ ಕೈಗೇ ಕೊಟ್ಟು ಬಾ ಅಂದಿದ್ದೇನೆ.

ಈ ಕಾಗದ ಬರೆದದ್ದಕ್ಕೆ ಒಂದು ಕಾರಣವಿದೆ. ನಮ್ಮ ಬೀದಿಯ ಮಸೀದಿಯ ತಾರಸಿ ಹೋದ ಮಳೆಗಾಲದಲ್ಲಿ ಒಂದು ಪಕ್ಕ ಕುಸಿಯಿತು. ಇಪ್ಪತ್ತು ವರ್ಷದಿಂದ ಅದಕ್ಕೆ ತೇಪೆ ಹಾಕಿದವನು ನಾನೇ. ಈಗ ತೇಪೆ ಹಾಕಲೂ ಜಾಗ ಉಳಿದಿಲ್ಲ. ಬುಡೇನ್ ಸಾಬರು ಮನೆಗೆ ಬಂದಿದ್ದರು. ನೀನು ಚಿಕ್ಕವಳಿದ್ದಾಗ ಸೈಕಲ್ ಶಾಪ್ ಇಟ್ಟಿದ್ದರಲ್ಲ, ಅವರೇ ಈಗ ಮಸೀದಿಯ ಮುತವಲ್ಲಿ, ಅಂದರೆ ಅದರ ಉಸ್ತುವಾರಿಯೆಲ್ಲ ಅವರದೇ. ಪೂರಾ ಕೆಡವಿ ಹೊಸದು ಕಟ್ಟಿಕೊಡಿ ಅಂದರು. ನಿಮ್ಮವರಲ್ಲೇ ಒಳ್ಳೆ ಮೇಸ್ತ್ರಿಗಳಿದ್ದಾರಲ್ಲ ಸಾಬರೇ ಅಂದೆ. "ಅವ್ರು ಒಳಗೆ ನಿಂತು ನೋಡ್ತಾರೆ ಮೇಸ್ತ್ರಿ. ನೀವು ಇಷ್ಟು ವರ್ಷ ಒರಗೆ ನಿಂತು ನೋಡಿದೋರು" ಅಂದರು. ಆ ಮಾತಿಗೆ ಒಪ್ಪಿಬಿಟ್ಟೆ.

ಈಗ ಕಷ್ಟ ಕೇಳು. ಹಜ್‌ಗೆ ಹೋಗಿ ಬಂದವರೊಬ್ಬರು ದಿಕ್ಸೂಚಿ ತಂದಿದ್ದಾರೆ. ನಮಾಜಿಗೆ ಮುಖ ಮಾಡಬೇಕಾದ್ದು ನೇರ ಪಡುವಣಕ್ಕಲ್ಲ, ಸ್ವಲ್ಪ ಬಡಗಣಕ್ಕೆ ಓರೆ. ಹಳೆಯ ಕಟ್ಟಡ ಬೀದಿಗೆ ಸಮವಾಗಿ ನೇರಕ್ಕಿತ್ತು, ಹೊಸದನ್ನು ಓರೆಗೇ ಕಟ್ಟಬೇಕು. ನಿವೇಶನ ಚೌಕ, ಕಟ್ಟಡ ಓರೆ. ಹಗ್ಗ ಹಿಡಿದು ನೋಡಿದೆ. ಬೀದಿಯ ಕಡೆ ಬಡಗಣ ಮೂಲೆ ಚರಂಡಿಗೆ ತಾಗುತ್ತೆ, ತೆಂಕಣ ಮೂಲೆ ಹದಿನಾಲ್ಕು ಅಡಿ ಒಳಗೆ ಹೋಗುತ್ತೆ. ನಡುವೆ ನಲವತ್ತು ಅಡಿ ಉದ್ದದ ಮುಕ್ಕೋನ ವ್ಯರ್ಥ. ಮೂರು ಮೂಲೆಯ ಜಾಗ ಅಂದರೆ ನಮ್ಮ ಕಡೆ ಯಾರಿಗೂ ಬೇಡ. ಅದನ್ನು ಎಲ್ಲಿ ಬಚ್ಚಿಡುವುದು ಅಂತ ನಿನ್ನ ಕಟ್ಟಡದ ಓದಿನಲ್ಲಿ ಏನಾದರೂ ಹೇಳಿದೆಯೆ?

ಬರೆಯುವ ಮುಂಚೆ ಇನ್ನೊಂದು ನೆನಪಿಡು. ಸಂಜೆ ನಮಾಜು ಬಿಡುವ ಹೊತ್ತಿಗೆ ಹೆಂಗಸರು ಬರುತ್ತಾರೆ, ಸೊಂಟದಲ್ಲಿ ಜ್ವರದ ಕೂಸು, ಕೈಯಲ್ಲಿ ನೀರಿನ ಲೋಟ. ಹೊರಗೆ ಬಂದವರು ಒಬ್ಬೊಬ್ಬರೂ ಕೂಸಿನ ಮೇಲೆ, ನೀರಿನ ಮೇಲೆ ಉಫ್ ಅಂತ ಊದಿ ಹೋಗುತ್ತಾರೆ. ನಮ್ಮವರೇ ಹೆಚ್ಚು. ನಿನ್ನ ಅವ್ವ ತೀರಿಕೊಂಡ ವರ್ಷ ನೀನು ಬೆಚ್ಚಿಬೆಚ್ಚಿ ಅಳುತ್ತಿದ್ದೆ; ನಿನ್ನನ್ನು ಎತ್ತಿಕೊಂಡು ನಿನ್ನ ದೊಡ್ಡಮ್ಮ ಹದಿನೈದು ಸಂಜೆ ಅಲ್ಲಿ ನಿಂತಳು. ನಿಲ್ಲುವುದೆಲ್ಲಿ? ಚರಂಡಿಯ ಮೇಲಿನ ಚಪ್ಪಡಿಯಲ್ಲಿ. ಅದೊಂದು ನನಗೆ ಯಾವತ್ತೂ ಸರಿ ಕಂಡಿಲ್ಲ.

ನಾಲ್ಕನೇ ಕ್ಲಾಸಿನವನ ಕಾಗದ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ದೊಡ್ಡಪ್ಪ
ಮರಿಯಯ್ಯ


ಮೈಸೂರು
2-5-1993

ದೊಡ್ಡಪ್ಪ,

ಪುಡಿ ಬಂತು. ವಾಚ್‌ಮನ್ ಒಂದು ಹಿಡಿ ತೆಗೆದುಕೊಂಡು ಕೊಟ್ಟ, ಈಗ ಅಣ್ಣನನ್ನು "ಬನ್ನಿ ಸಾರ್" ಅಂತಾನಂತೆ.

ನಿಮ್ಮ ಅಳತೆ ಇಟ್ಟುಕೊಂಡು ನಾಲ್ಕು ದಿನ ಕೂತೆ. ಮುಕ್ಕೋನವನ್ನು ಬಚ್ಚಿಡಬೇಡಿ, ಬೀದಿಗೆ ಕೊಟ್ಟುಬಿಡಿ. ಗೋಡೆ ಬೇಡ, ಗೇಟು ಬೇಡ. ಚರಂಡಿಯ ಅಂಚಿನಿಂದಲೇ ಜಗಲಿ ಶುರುವಾಗಲಿ. ಎತ್ತರ ಒಂದೂಕಾಲು ಅಡಿ ಸಾಕು, ಮುದುಕಿಯರು ಕಾಲೆತ್ತಿ ಹತ್ತುವಂತಾಗಬಾರದು. ಸೂರ್ಯ ಮಸೀದಿಯ ಬೆನ್ನಿಗೆ ಇಳಿಯುವುದರಿಂದ ಮಧ್ಯಾಹ್ನದ ಮೇಲೆ ಜಗಲಿಯ ತುಂಬ ಕಟ್ಟಡದ್ದೇ ನೆರಳು, ಚಪ್ಪರದ ಖರ್ಚಿಲ್ಲ. ಅಗಲದ ತುದಿಯಲ್ಲಿ ಒಂದು ಹೊಂಗೆ ಸಸಿ. ಒಳಗೆ ಕೈಕಾಲು ತೊಳೆಯಲು ಹೋಗುವ ಪೈಪಿನಿಂದಲೇ ಹೊರಗೊಂದು ನಲ್ಲಿ. ತೆಂಕಣ ಪಕ್ಕದಲ್ಲಿ ಓದುವ ಕೋಣೆ ಬರೆದಿದ್ದೇನೆ, ಅದರ ಬಾಗಿಲು ಜಗಲಿಗೆ. ಬೆಳಿಗ್ಗೆ ಹೊಲಿಗೆ ಕಲಿಯುವವರು, ಸಂಜೆ ಓದುವ ಮಕ್ಕಳು, ಯಾರ ಮಕ್ಕಳಾದರೂ ಸರಿ.

ನಮ್ಮ ಮೇಷ್ಟ್ರಿಗೆ ತೋರಿಸಿದೆ. "ಐದು ನಮಾಜು ಸೇರಿದರೂ ಈ ಕಟ್ಟಡಕ್ಕೆ ದಿನಕ್ಕೆ ಎರಡು ಗಂಟೆ ಕೆಲಸ. ಮಿಕ್ಕ ಇಪ್ಪತ್ತೆರಡು ಗಂಟೆ ಅದು ಬೀದಿಯಲ್ಲಿ ನೆರೆಮನೆಯ ಥರ ನಿಂತಿರುತ್ತೆ. ಆ ಇಪ್ಪತ್ತೆರಡು ಗಂಟೆಗೆ ನಕ್ಷೆ ಬರೆದಿದ್ದೀಯ" ಅಂದರು. ಇಷ್ಟು ದಿನದಲ್ಲಿ ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು. ನಕ್ಷೆ ಅಣ್ಣನ ಕೈಲಿ ಕಳಿಸಿದ್ದೇನೆ, ಮಡಿಸಬೇಡ ಅಂತ ಹೇಳಿದ್ದೇನೆ. ಮಡಿಸಿರುತ್ತಾನೆ.

ನಿಮ್ಮ
ಸಹನ


ಪಾಂಡವಪುರ
30-10-1993

ಮಗಳೇ,

ನಕ್ಷೆ ಎಂಟು ಮಡಿಕೆಯಾಗಿ ಬಂದಿತ್ತು. ನಿನ್ನ ದೊಡ್ಡಮ್ಮ ತಲೆದಿಂಬಿನ ಕೆಳಗಿಟ್ಟು ನೇರ ಮಾಡಿದಳು.

ಮಸೀದಿಯ ಜಮಾತಿನವರಿಗೆ ತೋರಿಸಿದೆ. ಓದುವ ಕೋಣೆ ಎಲ್ಲರಿಗೂ ಹಿಡಿಸಿತು. ಜಗಲಿ ಮಾತ್ರ ಬುಡೇನ್ ಸಾಬರ ಗಂಟಲಲ್ಲಿ ಇಳಿಯಲಿಲ್ಲ. "ಗೋಡೆ ಆಕ್ಬುಡಿ ಮೇಸ್ತ್ರಿ" ಅಂದರು. "ಡಿಸೆಂಬರ್ ಆದ್ಮೇಲೆ ಕಾಲ ಎಂಗೈತೆ ಅಂತ ನಿಮಗೂ ಗೊತ್ತು. ಈ ಜಾಗ ನಮ್ದು ಅಂತ ಗೊತ್ತಾಗ್ಲಿ, ಸಾಕು."

"ಗೋಡೆ ಆಕುದ್ರೆ ಎಣ್ಮಕ್ಕಳು ಮತ್ತೆ ಚರಂಡಿ ಮೇಲೇ ನಿಲ್ತಾರೆ ಸಾಬರೇ" ಅಂದೆ.

"ನಿಮ್ಮ ಬೀದಿ ಎಣ್ಮಕ್ಕಳ ಮ್ಯಾಲೆ ನಂಗೇನ್ ಅನುಮಾನ? ನಾನು ಯೋಳ್ತಿರೋದು ಬ್ಯಾರೆ."

"ಯಾರೂ ಏನೂ ಮಾಡಲ್ಲ. ನಾನಿವ್ನಿ. ಮಾತು ಕೊಡ್ತೀನಿ."

ಅವರು ನನ್ನ ಕೈಯಲ್ಲಿದ್ದ ನಕ್ಷೆ ಇಸಕೊಂಡು ಇನ್ನೊಂದು ಸಲ ನೋಡಿದರು. ಆಮೇಲೆ, "ನಿಮ್ಮ ಮಾತಿಗಿಂತ ಗಟ್ಟಿ ಗೋಡೆ ಎಲ್ಲಿ ತರ್ಲಿ, ಬುಡಿ" ಅಂದರು. ಅವತ್ತು ಊಟ ಮಾಡುವಾಗ ಎರಡು ಮುದ್ದೆ ಜಾಸ್ತಿ ಉಂಡೆ.

ಪಾಯದ ಕೆಲಸ ನಡೆಯುತ್ತಿದೆ. ಹಳೆಯ ಬೀದಿಗೋಡೆಯ ಪಾಯದಲ್ಲಿ ಎಂಥಾ ಸೈಜುಗಲ್ಲುಗಳಿದ್ದವು ಗೊತ್ತಾ, ಈಗ ಹುಡುಕಿದರೂ ಸಿಗುವುದಿಲ್ಲ. ಅವನ್ನು ಅಲ್ಲೇ ಹೂತು ಬಿಡಲು ಮನಸ್ಸು ಬರಲಿಲ್ಲ. ಒಂದೂ ಬಿಡದಂತೆ ಕಿತ್ತು ಜಗಲಿಗೆ ಹಾಕುತ್ತಿದ್ದೇನೆ. ಮರಳು ಹೊಡೆಯುವವನು ಅಶೋಕನೇ. ಬುಡೇನ್ ಸಾಬರು ಅವನಿಗೆ ಚಹಾ ತರಿಸಿಕೊಟ್ಟು, "ಬೇಟಾ, ನಿಮ್ಮ ತಂಗಿ ಬುದ್ಧಿಯಲ್ಲಿ ಅರ್ಧ ನಿನಗೆ ಕೊಟ್ಟಿದ್ರೆ ಎಷ್ಟು ಚೆನ್ನಾಗಿತ್ತು" ಅಂತ ಕಾಲೆಳೆಯುತ್ತಾರೆ. "ಅರ್ಧ ಕೊಟ್ರೂ ಟೆಂಪೋಗೆ ಎಚ್ಚಾಯ್ತದೆ ಸಾಬರೇ" ಅಂತಾನೆ ಇವನು.

ನೀನು ದಸರಾ ರಜೆಗೂ ಬರಲಿಲ್ಲ. ಪರೀಕ್ಷೆ ಮುಗಿದ ಮೇಲಾದರೂ ಬಾ.

ದೊಡ್ಡಪ್ಪ


ಪಾಂಡವಪುರ
20-3-1994

ಸಹನ,

ರಂಜಾನ್ ಹಬ್ಬಕ್ಕೆ ಮುಂಚೆ ಮುಗಿಸಿಕೊಟ್ಟೆ. ನೀನು ಬಂದಿದ್ದು ಒಂದೇ ದಿನ, ಗಾರೆ ಬಲಿಯಲಿ ಅಂತ ಜಗಲಿಗೆ ಇನ್ನೂ ನೀರು ಕಟ್ಟಿತ್ತು, ಕೂರಲಿಲ್ಲ. ಈಗ ನೋಡಬೇಕು. ಮೂರು ಗಂಟೆಗೆ ನೀನು ಹೇಳಿದ ಹಾಗೇ ನೆರಳು ಬರುತ್ತೆ, ನೆರಳಿನ ಹಿಂದೆಯೇ ಬೆಟ್ಟಮ್ಮ ಹೂವಿನ ಬುಟ್ಟಿ ತಂದು ಕೂರುತ್ತಾಳೆ. ನಲ್ಲಿಯ ಹತ್ತಿರ ಕೊಡಗಳ ಸಾಲು, ಅಲ್ಲಿ ಜಗಳಕ್ಕೂ ಬರವಿಲ್ಲ. ಸಂಜೆ ಹೆಂಗಸರು ಕೂಸುಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತೇ ಕಾಯುತ್ತಾರೆ. ಕುಳ್ಳಮ್ಮ ಗೊತ್ತಲ್ಲ, ಎಂಬತ್ತು ದಾಟಿದೆ. "ಮರಿಯಯ್ಯ, ಎಂಟು ಮಕ್ಕಳಿಗೆ ನಿಂತ್ಕಂಡೇ ಊದಿಸ್ದೆ ಕಣಪ್ಪ, ಮರಿಮಗೀಗೆ ಕುಂತ್ಕಂಡು ಊದಿಸ್ತಾವ್ನಿ, ನನ್ ಋಣ ತೀರುಸ್ಬುಟ್ಟೆ" ಅಂದಳು. ಅದು ನಿನಗೆ ಸೇರಬೇಕಾದ್ದು ಅಂತ ಹೇಳಿದೆ.

ಒಂದು ಸಣ್ಣ ಮಾತಾಯಿತು. ಅಶೋಕನೂ ಅವನ ಜೊತೆಯವರೂ ಜಗಲಿಯಲ್ಲಿ ಇಸ್ಪೀಟು ಹಾಕುತ್ತಿದ್ದರು. ಒಳಗೆ ನಮಾಜು ನಡೆಯುವಾಗ ಬೀಡಿಯ ಹೊಗೆ ಕಿಟಕಿಯಿಂದ ಹೋಗುತ್ತೆ ಅಂತ ಬುಡೇನ್ ಸಾಬರು ಬಂದು, "ಆ ಒತ್ತೊಂದು ಬುಟ್ಬುಡ್ರಪ್ಪ" ಅಂದರು. ಮೆಲ್ಲಗೇ ಹೇಳಿದರು, ನಾನೂ ಅಲ್ಲೇ ಇದ್ದೆ. ಅಶೋಕ ಎಲೆಗಳನ್ನು ಜೋಡಿಸಿಕೊಳ್ಳುತ್ತ, "ಬೀದಿಗೆ ಬುಟ್ಟಿದೀವಿ ಅಂತ ಊರಿಗೆಲ್ಲ ಯೋಳ್ತೀರಿ. ಬೀದೀಲಿ ಬೀಡಿ ಸೇದಂಗಿಲ್ವಾ?" ಅಂದ. ಜೊತೆಯವರು ನಕ್ಕರು. ಸಾಬರು ನಗಲಿಲ್ಲ. ವಯಸ್ಸಿನ ಮಾತು, ಮರೆತು ಹೋಗುತ್ತೆ.

ಹೊಂಗೆ ಸಸಿಗೆ ಮುಳ್ಳು ಕಟ್ಟಿದ್ದೇನೆ.

ದೊಡ್ಡಪ್ಪ


ಪಾಂಡವಪುರ
6-11-1994

ಮಗಳೇ,

ನಿನಗೆ ಕೆಲಸ ಸಿಕ್ಕ ಸುದ್ದಿ ಓದಿ ನಿನ್ನ ದೊಡ್ಡಮ್ಮ ಅತ್ತಳು. ನಕ್ಷೆ ಬರೆಯುವ ಆಫೀಸಿನಲ್ಲಿ ಹೆಣ್ಣುಮಗಳು ನೀನೊಬ್ಬಳೇ ಅಂತ ಬರೆದಿದ್ದೀಯ. ಮೊದಲು ಯಾರಾದರೂ ಒಬ್ಬರೇ ಇರಬೇಕು.

ಇಲ್ಲಿ ಒಳ್ಳೆಯದೊಂದು ನಡೆಯಿತು. ಅಶೋಕ ಮತ್ತು ಅವನ ಜೊತೆಯವರು ಗೆಳೆಯರ ಬಳಗ ಅಂತ ಮಾಡಿಕೊಂಡಿದ್ದಾರೆ. ರಾಜ್ಯೋತ್ಸವಕ್ಕೆ ಬಾವುಟ ಹಾರಿಸಬೇಕು ಅಂತ ಬಂದ. "ದೊಡ್ಡಪ್ಪ, ಒಂದು ಕಟ್ಟೆ ಕಟ್ಕೊಡು. ಬೀದಿಗೆಲ್ಲ ಕಾಣೋ ಜಾಗ ಅಂದ್ರೆ ಆ ಜಗಲಿ ಒಂದೇಯ." ಬುಡೇನ್ ಸಾಬರನ್ನು ಕೇಳಿದೆ. "ಕನ್ನಡದ ಬಾವುಟ ಬ್ಯಾಡ ಅನ್ನೋಕಾಯ್ತದಾ ಮೇಸ್ತ್ರಿ? ನಾನು ಸಂತೇಲಿ ಯಾವ ಭಾಷೇಲಿ ಜಗಳ ಆಡ್ತೀನಿ?" ಅಂತ ನಕ್ಕು, ಓದುವ ಕೋಣೆಯ ಕೆಲಸದಲ್ಲಿ ಉಳಿದಿದ್ದ ಸಿಮೆಂಟನ್ನು ಅವರೇ ಕೊಟ್ಟರು. ಮೂರು ಸುತ್ತಿನ ದುಂಡು ಕಟ್ಟೆ ಕಟ್ಟಿದೆ. ಕಬ್ಬಿಣದ ಕಂಬವನ್ನು ಮೂರಡಿ ಆಳಕ್ಕೆ ಇಳಿಸಿ ಕಾಂಕ್ರೀಟು ಹಾಕಿದ್ದೇನೆ, ಆನೆ ಬಂದು ಒರಗಿದರೂ ಅಲುಗದು. ಮಸೀದಿಯ ಜಗಲಿಯಲ್ಲಿ ಅರಿಶಿನ ಕುಂಕುಮದ ಬಾವುಟ ಹಾರಿದ್ದು ಕಂಡು ನನಗೆ ಮೈ ಜುಂ ಅಂದಿತು. ನೀನು ಬರೆದ ನಕ್ಷೆ ಇದಕ್ಕೇ ಅಲ್ಲವಾ?

ಭಾಷಣಕ್ಕೆ ಹೊರಗಿನಿಂದ ಯಾರೋ ಬಂದಿದ್ದರು. ಬುಡೇನ್ ಸಾಬರು ಬೂಂದಿ ಹಂಚಿದರು. ಅವರನ್ನು ಕಟ್ಟೆಗೆ ಕರೆಯಬಹುದಿತ್ತು. ಗಡಿಬಿಡಿಯಲ್ಲಿ ಮರೆತಿರಬೇಕು.

ದೊಡ್ಡಪ್ಪ


ಮೈಸೂರು
15-11-1994

ದೊಡ್ಡಪ್ಪ,

ಕಂಬವನ್ನು ತಿಂಗಳು ಮುಗಿದ ಮೇಲೆ ಕಳಚಿಡುವ ಹಾಗೆ ನಿಲ್ಲಿಸಬಹುದಿತ್ತಲ್ಲ? ಪೈಪಿನೊಳಗೆ ಪೈಪು ಇಳಿಸಿದರೆ ಸಾಕಿತ್ತು. ಕಾಂಕ್ರೀಟು ಯಾಕೆ ಹಾಕಿದಿರಿ?

ಬೇರೇನಿಲ್ಲ. ಸುಮ್ಮನೆ ಕೇಳಿದೆ. ಅಣ್ಣ ಈಗ ಮೈಸೂರಿಗೆ ಬಂದರೂ ನನ್ನನ್ನು ನೋಡಲು ಬರುತ್ತಿಲ್ಲ. ಚೆನ್ನಾಗಿದ್ದಾನಾ?

ಸಹನ


ಪಾಂಡವಪುರ
9-7-1995

ಸಹನ,

ಎಂಟು ತಿಂಗಳಾಯಿತು. ನೀನು ನಾಲ್ಕು ಕಾಗದ ಹಾಕಿದೆ, ನಾನು ಒಂದಕ್ಕೂ ಬರೆಯಲಿಲ್ಲ. ಮೈಗೆ ಏನೂ ಆಗಿರಲಿಲ್ಲ. ನೀನು ಕಂಬದ ವಿಚಾರ ಕೇಳಿದ್ದೆ, ಅದಕ್ಕೇ ಬರೆಯಲಿಲ್ಲ.

ನವೆಂಬರ್ ಮುಗಿದರೂ ಬಾವುಟ ಇಳಿಯಲಿಲ್ಲ. ಸಂಕ್ರಾಂತಿಗೆ ಬಳಗದ ಬೋರ್ಡು ಬಂತು. ಕಟ್ಟೆ ಹಾಳಾಗುತ್ತೆ ಅಂತ ಯುಗಾದಿಗೆ ಸುತ್ತ ಕಂಬಿ ಹಾಕಿದರು, ಜಗಲಿಯಲ್ಲಿ ಮೂರನೇ ಎರಡು ಭಾಗ ಕಂಬಿಯೊಳಗೆ ಹೋಯಿತು. ಸಂಜೆ ಹೊತ್ತಿಗೆ ಮೈಕಿನಲ್ಲಿ ಹಾಡು. ಸರಿಯಾಗಿ ನಮಾಜಿನ ಹೊತ್ತಿಗೇ. ಹೆಂಗಸರಿಗೆ "ಬಾವುಟದ ಕಟ್ಟೆ ಮೆಟ್ಬ್ಯಾಡಿ" ಅಂತ ಹೇಳಲು ಇಬ್ಬರು ಯಾವಾಗಲೂ ಕೂತಿರುತ್ತಾರೆ. ಬೆಟ್ಟಮ್ಮ ಬುಟ್ಟಿ ತಗೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ನಲ್ಲಿಯನ್ನು ಯಾರೋ ಮುರಿದರು, ಬುಡೇನ್ ಸಾಬರು ರಿಪೇರಿ ಮಾಡಿಸಲಿಲ್ಲ, ಒಳಗಿನಿಂದಲೇ ಬಿರಡೆ ಹೊಡೆಸಿದರು. ಓದುವ ಕೋಣೆಗೆ ಬೀಗ ಬಿತ್ತು. ಇದೆಲ್ಲ ಒಂದೇ ದಿನ ಆಗಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆನೋ ಏನೋ. ಒಂದೊಂದು ಬಂದಾಗಲೂ ಇಷ್ಟಕ್ಕೇ ನಿಲ್ಲುತ್ತೆ ಅಂದುಕೊಂಡೆ.

ಈ ಸಲ ಗಣಪತಿ ಅಲ್ಲೇ ಕೂರಿಸುತ್ತಾರಂತೆ. ಇಷ್ಟು ವರ್ಷ ಅರಳಿಮರದ ಕೆಳಗೆ ಕೂರಿಸುತ್ತಿದ್ದರು. ಮೊನ್ನೆ ಅಶೋಕ ಊಟಕ್ಕೆ ಕೂತಾಗ ಕೇಳಿದೆ.

"ಅರಳಿಮರದ ತಾವು ಏನಾಗಿತ್ತಲಾ?"

"ಅಲ್ಲಿ ಜಾಗ ಸಾಲಲ್ಲ."

"ಇದು ಅವರ ಜಾಗ ಕಣ್ಲಾ. ಅವರು ಬುಟ್ಟುಕೊಟ್ಟಿದ್ದು."

"ಬುಟ್ಟುಕೊಟ್ಟಿದ್ದಕ್ಕೆ ಕಾಗದ ಐತಾ? ಅವರದೇ ಆಗಿದ್ರೆ ಗೋಡೆ ಆಕಂತಿದ್ರು. ಬೀದಿ ಜಾಗ ಅಂತ ಅವರಿಗೂ ಗೊತ್ತು, ಅದಕ್ಕೇ ಆಕಿಲ್ಲ."

"ಗೋಡೆ ಬ್ಯಾಡ ಅಂದೋನು ನಾನು!"

ಅವನು ತಟ್ಟೆಯಲ್ಲೇ ಕೈ ತೊಳೆದ. "ಕಟ್ಟೆ ಕಟ್ಟಿದೋನೂ ನೀನೇಯ. ಮೂರಡಿ ಆಳಕ್ಕೆ ಆಕಿವ್ನಿ ಅಂತ ಊರಿಗೆಲ್ಲ ಯೋಳ್ಕಂಡು ತಿರುಗ್ದೋನೂ ನೀನೇಯ. ಈಗ ನಮ್ಮುನ್ನ ಕೇಳ್ತೀಯಾ?"

ನಿನ್ನ ದೊಡ್ಡಮ್ಮ ಮಾದಮ್ಮ ಒಲೆಯ ಮುಂದೆ ಕೂತಿದ್ದಳು. ಈ ಕಡೆ ತಿರುಗಲಿಲ್ಲ.

ಒಬ್ಬ ಮನುಷ್ಯ ಬೀಡಿ ಆರಿಸು ಅಂದದ್ದಕ್ಕೆ ಇಷ್ಟು ದೊಡ್ಡ ಸೇಡು ಇರುತ್ತಾ ಅಂತ ಯೋಚಿಸುತ್ತೇನೆ. ಅಷ್ಟೇ ಅಲ್ಲ, ಅವನಿಗೆ ಭಾಷಣದವರು ಬಂದು ಹೋಗಿ ಏನೇನೋ ತುಂಬಿದ್ದಾರೆ ಅಂತ ಜನ ಹೇಳುತ್ತಾರೆ. ತುಂಬುವವರು ಎಲ್ಲಾ ಕಡೆ ಇರುತ್ತಾರೆ. ಅವನನ್ನು ಆರು ವರ್ಷದ ಹುಡುಗನಾಗಿದ್ದಾಗಿನಿಂದ ಎದೆಯ ಮೇಲೆ ಹಾಕಿಕೊಂಡು ಬೆಳೆಸಿದವನು ನಾನು. ನನ್ನ ಕೈಯಲ್ಲಿದ್ದಾಗ ಅಲ್ಲಿ ಏನೂ ತುಂಬದೆ ಖಾಲಿ ಬಿಟ್ಟಿದ್ದೆನಾ?

ದೊಡ್ಡಪ್ಪ


ಮೈಸೂರು
10-9-1995

ದೊಡ್ಡಪ್ಪ,

ನಾನು ಹಬ್ಬದ ಮೂರನೇ ದಿನ ಪಾಂಡವಪುರಕ್ಕೆ ಬಂದಿದ್ದೆ. ನಿಮಗೆ ಹೇಳಲಿಲ್ಲ. ಬೀದಿಯ ತುದಿಯಲ್ಲಿ ನಿಂತು ನೋಡಿದೆ. ಪೆಂಡಾಲು ಜಗಲಿಯ ಈ ಮೂಲೆಯಿಂದ ಆ ಮೂಲೆಗೆ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ನಮಾಜಿಗೆ ಬಂದವರು ಹಿಂದಿನ ಗಲ್ಲಿಯಿಂದ ಹೋಗುತ್ತಿದ್ದರು. ನೀವು ನಮ್ಮ ಮನೆಯ ಮೆಟ್ಟಿಲಲ್ಲಿ ಬೀದಿಗೆ ಬೆನ್ನು ಮಾಡಿ ಕೂತಿದ್ದಿರಿ. ನಿಮ್ಮ ಬೆನ್ನು ನೋಡಿದ ಮೇಲೆ ಹತ್ತಿರ ಬರಲು ಆಗಲಿಲ್ಲ. ಅದೇ ಬಸ್ಸಿಗೆ ವಾಪಸು ಬಂದೆ.

ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಸಿಕ್ಕಿದ್ದ. ಹಣೆ ತುಂಬ ಕುಂಕುಮ. "ಪೆಂಡಾಲಿಗೆ ಬಂದು ಪ್ರಸಾದ ತಗೊಂಡೋಗು" ಅಂದ. ಆ ಜಾಗ ನಾನು ಯಾಕೆ ಬರೆದೆ ಗೊತ್ತಾ ಅಂತ ಕೇಳಿದೆ. "ಚೆನ್ನಾಗೇ ಬರೆದಿದ್ದೀಯ ಕಣವ್ವ, ನಮಗೇ ಅಂತ ಬರೆದಂಗೈತೆ" ಅಂದ. ನಗುತ್ತಲೇ ಹೇಳಿದ. ಅವನು ಹಾಗೇ ನಗುವುದು, ಚಿಕ್ಕಂದಿನಿಂದ.

ಜಮಾತಿನವರು ಅರ್ಜಿ ಕೊಟ್ಟಿದ್ದಾರೆ, ಅಳತೆಗೆ ಅಧಿಕಾರಿ ಬರುತ್ತಾರೆ ಅಂತ ಕೇಳಿದೆ. ಹಳೆಯ ಗೋಡೆ ಎಲ್ಲಿತ್ತು ಅಂತ ಕೇಳಿದರೆ, ಕೆಡವಿದವರು ನೀವು. ನಿಜ ಹೇಳಿ. ನಕ್ಷೆಯಲ್ಲಿ ಒಂದು ಗಡಿ ಗೆರೆಯನ್ನೂ ಎಳೆಯದೆ ಬಿಟ್ಟವಳು ನಾನು. ಮೇಷ್ಟ್ರು ಹೊಗಳಿದರಲ್ಲ, ಅದರಲ್ಲೇ ಮುಳುಗಿದ್ದೆ.

ಸಹನ


ಪಾಂಡವಪುರ
17-12-1995

ಸಹನ,

ನೀನು ಹೇಳಿದ ಹಾಗೇ ನಡೆದಿದೆ. ಅದಕ್ಕೆ ಸಂತೋಷ ಪಡಬೇಕೋ ಬೇಡವೋ ನೀನೇ ಓದಿ ಹೇಳು.

ಅಳತೆಯವರು ಸರಪಳಿ ಹಿಡಿದು ಬಂದರು. ಮಸೀದಿಯ ಹಳೆಯ ಕಾಗದದಲ್ಲಿ 'ಪೂರ್ವಕ್ಕೆ ಬೀದಿ' ಅಂತ ಮಾತ್ರ ಇದೆ. ಬೀದಿ ಎಲ್ಲಿಂದ ಶುರು ಅಂತ ಅದರಲ್ಲಿಲ್ಲ. ಹಾಗಾದರೆ ಹಳೆಯ ಗೋಡೆಯ ಪಾಯ ಸಿಕ್ಕಬೇಕು ಅಂತ ಚರಂಡಿಯ ಪಕ್ಕ ಅಗೆಸಿದರು. ಬರೀ ಮಣ್ಣು. ಒಂದು ಕಲ್ಲೂ ಇಲ್ಲ. ಇರುವುದೆಲ್ಲಿಂದ? ಒಂದೂ ಬಿಡದಂತೆ ಕಿತ್ತವನು ನಾನೇ. ಒಳ್ಳೆಯ ಕಲ್ಲು ಮಣ್ಣುಪಾಲಾಗಬಾರದು ಅಂತ ಕಿತ್ತೆ. ಆ ಜಾಗಕ್ಕಿದ್ದ ಒಂದೇ ಸಾಕ್ಷಿಯನ್ನು ನನ್ನ ಕೈಯಾರೆ ಎತ್ತಿ ಜಗಲಿಗೆ ಹಾಸಿದ್ದೆ.

ಬಳಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬುಡೇನ್ ಸಾಬರು ನನ್ನ ಕಡೆ ನೋಡಲಿಲ್ಲ. ಆ ಅಧಿಕಾರಿ, ಹಳೆ ಕಟ್ಟಡ ಕೆಡವಿದ ಮೇಸ್ತ್ರಿ ಯಾರು ಅಂತ ಕೇಳಿದರು.

ನಾನು ಎದ್ದೆ. ಅಶೋಕ ಮುಂದೆ ಬಂದು, "ಸಾರ್, ನಮ್ಮ ದೊಡ್ಡಪ್ಪ. ವಯಸ್ಸಾಗೈತೆ, ಗ್ಯಾಪಕ ಇರಲ್ಲ" ಅಂದ. ಹಾಗೆ ಹೇಳುತ್ತ ನನ್ನ ಭುಜದ ಮೇಲೆ ಕೈ ಇಟ್ಟ. ಎಷ್ಟೋ ತಿಂಗಳ ಮೇಲೆ ಅವನು ನನ್ನನ್ನು ಮುಟ್ಟಿದ್ದು. ಹೌದಪ್ಪ, ಜ್ಞಾಪಕವಿಲ್ಲ ಅಂದಿದ್ದರೆ ಅವತ್ತು ಸಂಜೆ ಅವನು ಮನೆಯಲ್ಲಿ ಉಣ್ಣುತ್ತಿದ್ದ.

ಚರಂಡಿಯ ಅಂಚಿಗೆ ಹೋಗಿ ಪಾದ ಇಟ್ಟು, "ಇಲ್ಲಿತ್ತು ಸ್ವಾಮಿ" ಅಂದೆ. ಕಿತ್ತ ಕಲ್ಲುಗಳನ್ನೂ ತೋರಿಸಿದೆ, ಜಗಲಿಯ ಬುಡದ ಸಾಲಿನಲ್ಲಿ ಹಳೆ ಗಾರೆ ಇನ್ನೂ ಕಚ್ಚಿಕೊಂಡಿದೆ. ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಹೋದ ವಾರ ಆದೇಶ ಬಂತು. ಜಾಗ ಮಸೀದಿಯದು. ಕಂಬ ತೆಗೆಯಬೇಕು. ಅದನ್ನು ಕೀಳಲು ಮೂರು ಜನಕ್ಕೆ ಒಂದು ದಿನ ಹಿಡಿಯಿತು.

ಅಶೋಕ ಮನೆಗೆ ಬಂದು ಬಟ್ಟೆ ತೆಗೆದುಕೊಂಡ. ಮಾದಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬುಡು ದೊಡ್ಡಮ್ಮ, ಇವನು ಆ ಮಸೀದೀಲೇ ಮನೀಕಳ್ಲಿ" ಅಂದ. ಈಗ ಶ್ರೀರಂಗಪಟ್ಟಣದಲ್ಲಿ ರೂಮು ಮಾಡಿದ್ದಾನಂತೆ. ಮಾದಮ್ಮ ನನ್ನ ಜೊತೆ ಮಾತಾಡುವುದಿಲ್ಲ. ತಟ್ಟೆ ಇಟ್ಟು ಆಚೆ ಹೋಗುತ್ತಾಳೆ.

ನಿನ್ನೆ ಬುಡೇನ್ ಸಾಬರು ಬಂದಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ, "ಗೋಡೆ ಆಕಬೇಕು ಮೇಸ್ತ್ರಿ. ಏಳಡಿ. ನೀವೇ ಆಕ್ಕೊಡಿ" ಅಂದರು.

"ಈಗ ಆದೇಶ ಐತಲ್ಲ ಸಾಬರೇ."

"ಆದೇಶದ ಮೇಲೆ ಯಾರೂ ಎಗರಿ ಬರಲ್ಲ ಅಂತ ಏನು ಗ್ಯಾರಂಟಿ?"

"ನಾನು ಮಾತು ಕೊಟ್ಟಿದ್ದೆ..."

"ನಿಮ್ಮ ಮಾತು ಸುಳ್ಳಲ್ಲ ಮರಿಯಯ್ಯ. ಊರ ಮುಂದೆ ನಿಂತು ಉಳಿಸಿಕೊಂಡ್ರಿ, ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಆದ್ರೆ ಅದು ನಿಮ್ಮ ಮನೇಲೇ ನಡೀಲಿಲ್ಲವಲ್ಲ. ನಾನು ನನ್ನ ಜಮಾತಿನ ಉಡುಗರಿಗೆ ಯಾವ ಬಾಯಲ್ಲಿ ಯೋಳ್ಲಿ?"

ಅವರು ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ದೊಡ್ಡಪ್ಪ


ಪಾಂಡವಪುರ
3-3-1996

ಮಗಳೇ ಸಹನ,

ನಿನ್ನ ಎರಡೂ ಕಾಗದ ಸೇರಿವೆ. ಗೋಡೆಯ ವಿಷಯದಲ್ಲಿ ನೀನು ಬರೆದುಕಳಿಸಿದ ಚಿತ್ರ ಸಾಬರಿಗೆ ತೋರಿಸಿದೆ. ಕೂರುವ ಎತ್ತರಕ್ಕೆ ಕಲ್ಲು, ಅದರ ಮೇಲೆ ಗಾಳಿ ಬೆಳಕು ಆಡುವ ಹಾಗೆ ಜಾಲರಿ. ಚೆನ್ನಾಗಿದೆ ಅಂದರು. ಕಾಗದವನ್ನು ಮಡಿಸದೆ, ಹಾಗೇ ನನ್ನ ಕೈಗೆ ವಾಪಸು ಕೊಟ್ಟರು. ಜಾಲರಿಯಲ್ಲಿ ಕೈ ತೂರುತ್ತೆ, ಕೈ ತೂರಿದರೆ ಬೇರೆಯದೂ ತೂರುತ್ತೆ ಅಂತ ಅವರ ಹುಡುಗರು ಹೇಳಿದರಂತೆ. ಹಾಗೆ ಹೇಳಬೇಡಿ ಅನ್ನಲು ನನಗೆ ಹಕ್ಕಿಲ್ಲ.

ಏಳಡಿ ಏರಿಸಿದೆ. ಚರಂಡಿಯ ಅಂಚಿಗೇ ಸರಿಯಾಗಿ. ಜಗಲಿ ಈಗ ಒಳಗಿದೆ. ಅವರ ಮನೆಯ ಮಕ್ಕಳು ಅಲ್ಲಿ ಕೂತು ಓದುತ್ತಾರೆ, ಅಷ್ಟಾದರೂ ಆಗಿದೆ. ಗೇಟು ನಮಾಜಿಗೆ ಕಾಲು ಗಂಟೆ ಮುಂಚೆ ತೆಗೆಯುತ್ತೆ, ಆಮೇಲೆ ಮುಚ್ಚುತ್ತೆ. ಗೋಡೆಯ ತಲೆಯ ಮೇಲೆ ಒಡೆದ ಸೀಸೆಯ ಗಾಜು ನೆಡಬೇಕು ಅಂದರು. ಐವತ್ತು ವರ್ಷದ ಕೆಲಸದಲ್ಲಿ ಅದನ್ನು ನಾನು ಯಾರ ಮನೆಗೂ ಮಾಡಿಕೊಟ್ಟಿರಲಿಲ್ಲ.

ಈ ವಾರ ಒಂದು ಸಂಜೆ ಬಿದಿರಿನ ಸಾರವೆಯ ಮೇಲೆ ಕೂತು ಗಾಜು ಕೂರಿಸುತ್ತಿದ್ದೆ. ಚಿಕ್ಕಬೋರಮ್ಮ ಬಂದಳು, ಕುಳ್ಳಮ್ಮನ ಸೊಸೆ. ಕಂಕುಳಲ್ಲಿ ಮೊಮ್ಮಗು, ಕೈಯಲ್ಲಿ ಲೋಟ. ಈಗ ಅವಳಂಥವರು ವಾರಕ್ಕೆ ಒಬ್ಬರೋ ಇಬ್ಬರೋ. ಮಿಕ್ಕವರನ್ನು ಮನೆಯ ಗಂಡಸರು ಬಿಡುವುದಿಲ್ಲ. ಗೇಟಿನ ಒಳಗೆ ಹೋಗಲು ಅವಳಿಗೆ ಅಂಜಿಕೆ. ಹೊರಗೆ ನಿಲ್ಲೋಣ ಅಂದರೆ ಕಬ್ಬಿನ ಲಾರಿಗಳು ಮೈ ಸವರಿಕೊಂಡು ಹೋಗುತ್ತವೆ. ತಲೆ ಎತ್ತಿ, "ಮೇಸ್ತ್ರಣ್ಣ, ಈಗ ಯಾವ ಕಡೆ ನಿಂತ್ಕಳ್ಲಿ?" ಅಂದಳು.

ಕೈಯಲ್ಲಿದ್ದ ಗಾಜನ್ನು ಗೋಡೆಯ ಮೇಲಿಟ್ಟೆ. ಕೆಳಗಿಳಿದು ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಆ ಮಗುವಿನ ಜ್ವರ ಇಳಿಯಿತೋ ಇಲ್ಲವೋ, ಹೋಗಿ ಕೇಳಲು ಧೈರ್ಯ ಸಾಲದೆ ನಾಲ್ಕು ದಿನವಾಯಿತು.

ಅಶೋಕನ ಸುದ್ದಿ ಕೇಳಿದ್ದೀಯ. ಪೇಟೆಯಲ್ಲಿ ಒಂದು ಸಲ ಕಂಡ. ಟೆಂಪೋ ನಿಧಾನ ಮಾಡಿದ, ನಿಲ್ಲಿಸುತ್ತಾನೆ ಅಂದುಕೊಂಡೆ. ನಿಲ್ಲಿಸಲಿಲ್ಲ. ಬಡವಾಗಿದ್ದಾನೆ. ಮಾದಮ್ಮನಿಗೆ ಹೇಳಿದೆ, ಎಷ್ಟು ಬಡವಾಗಿದ್ದಾನೆ ಅಂತ ಕೇಳಿದಳು. ಮೂರು ತಿಂಗಳಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ.

ಕೃಷ್ಣರಾಜಪೇಟೆಯವರು ನಿಮ್ಮ ಆಫೀಸಿಗೆ ಬಂದು ಅವರ ಬೀದಿಯ ಮಸೀದಿಗೆ ನಕ್ಷೆ ಕೇಳಿದ್ದಾರೆ, ಅಲ್ಲೂ ಜಗಲಿ ಬರೆಯಲಾ, ಕೆಲಸ ನೀವೇ ಬಂದು ಹಿಡಿಯುತ್ತೀರಾ ಅಂತ ಬರೆದಿದ್ದೀಯ. ನಕ್ಷೆ ನಿನ್ನದು, ನಿನಗೆ ಸರಿ ಕಂಡದ್ದು ಬರೆ. ನೀನು ಬರೆದದ್ದರಲ್ಲಿ ತಪ್ಪಿರಲಿಲ್ಲ, ನಾನು ಈಗಲೂ ಅದನ್ನೇ ಹೇಳುತ್ತೇನೆ. ಕೆಲಸಕ್ಕೆ ಮಾತ್ರ ನನ್ನನ್ನು ಕರೆಯಬೇಡ. ಪಾಯ ತೋಡುವಾಗ ಅಲ್ಲಿಯೂ ಒಬ್ಬ ಮುದುಕ ಬಂದು, "ಗೋಡೆ ಆಕಬೇಕಾ ಮೇಸ್ತ್ರಿ?" ಅಂತ ಕೇಳುತ್ತಾನೆ. ಹಾಕಿಬಿಡಿ ಸಾಬರೇ ಅಂತ ನನ್ನ ಬಾಯಲ್ಲಿ ಬಂದುಬಿಡುತ್ತೆ. ಅದು ನಿನ್ನ ಕಿವಿಗೆ ಬೀಳಬಾರದು.

ನಿನ್ನ ದೊಡ್ಡಪ್ಪ
ಮರಿಯಯ್ಯ